ಕೊಬ್ಬರಿ ಲೆಕ್ಕ ಬೇರೆ, ಕೋಣೆ ಲೆಕ್ಕ ಬೇರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ನಿಮ್ಮದೊಂದು ತೆಂಗಿನ ತೋಟವಿದೆಯೇ? ಅಲ್ಲಿನ ಮನೆಯಲ್ಲಿ ಎರಡು ಕೋಣೆ ಖಾಲಿ ಇದ್ದರೆ ಹೋಂಸ್ಟೇ ಮಾಡುವ ಆಸೆ ಸಹಜ. ‘ತೋಟದ ಆದಾಯಕ್ಕೆ ತೆರಿಗೆ ಇಲ್ವಲ್ಲ, ಇನ್ನೇನು ಚಿಂತೆ?’ ಅಂತೀರಾ? ಅಲ್ಲೇ ಎಡವೋದು!

ನಿಮ್ಮ ತೋಟದ ಕೊಬ್ಬರಿ ಮಾರಿದ ಹಣ ಕೃಷಿ ಆದಾಯ. ಅದಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಅದೇ ತೋಟದ ಮನೆಯಲ್ಲಿ ಉಳಿದ ಅತಿಥಿಗಳು ಕೊಟ್ಟ ಹಣ ಕೃಷಿ ಆದಾಯವಲ್ಲ. ಎರಡಕ್ಕೂ ಬೇರೆ ಬೇರೆ ಲೆಕ್ಕದ ಪುಸ್ತಕ ಇಡಿ. ರಿಟರ್ನ್ಸ್ ಸಲ್ಲಿಸುವಾಗ ಎರಡನ್ನೂ ತೋರಿಸಿ.

ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಅಂಥವರಿಗೆ ಆ್ಯಪ್ ಮೂಲಕ ಅತಿಥಿ ಬಂದರೆ ಜಿಎಸ್‌ಟಿಯನ್ನು ಆ ಕಂಪನಿಯೇ ಕಟ್ಟುತ್ತದೆ. ಹಾಗಂತ ನಿಮ್ಮ ಆದಾಯ ತೆರಿಗೆ ತಪ್ಪಿತು ಅಂದ್ಕೋಬೇಡಿ.

ಇನ್ನು ಪರವಾನಗಿ. ತುಮಕೂರಿನ ಪ್ರವಾಸೋದ್ಯಮ ಇಲಾಖೆ ಕಚೇರಿಯಲ್ಲಿ ನೋಂದಣಿಗೆ ಏನೇನು ದಾಖಲೆ ಬೇಕು ಅಂತ ಮೊದಲೇ ವಿಚಾರಿಸಿ. ಊರಿನ ಪಂಚಾಯಿತಿ, ಪೊಲೀಸ್ ಠಾಣೆಗೂ ಒಂದು ಮಾತು ಹಾಕಿ. ಹೋಂಸ್ಟೇ ಅಂದರೆ ಮನೆಯವರು ಅಲ್ಲೇ ವಾಸ ಇರಬೇಕು. ನೀವು ಬೆಂಗಳೂರಲ್ಲಿದ್ದು, ತೋಟದ ಆಳಿನ ಕೈಗೆ ಬೀಗದಕೈ ಕೊಟ್ಟರೆ ಆಗೋಲ್ಲ. ಅತ್ತೆಯೋ ಮೈದುನನ ಸಂಸಾರವೋ ಅಲ್ಲಿದ್ದರೆ ಅವರ ಜೊತೆ ಕೂತು ಮಾತಾಡಿ.

ವಿದೇಶಿಯರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡುವುದು ಕಡ್ಡಾಯ.

ಬಂದವರಿಗೆ ಎಳನೀರು ಕೊಡಿ, ಉಪಚರಿಸಿ. ಅದಕ್ಕೆ ಮೊದಲು ಗುರುತಿನ ಚೀಟಿ ನೋಡಿ, ಹೆಸರು ಬರೆದುಕೊಳ್ಳಿ!