ಹಿಮ ತಳ್ಳುವ ಹಲಗೆ

ಬೆಂಗಳೂರಿನ ಪಶ್ಚಿಮ ಬಡಾವಣೆಗಳಲ್ಲಿ ಮನೆಯ ಮುಂದಿನ ಅಂಗಳವನ್ನು ಶುಚಿಮಾಡುವುದು ಪ್ರಯಾಸದ ಕೆಲಸವಲ್ಲ. ರಾಜಾಜಿನಗರವಾಗಲಿ, ವಿಜಯನಗರವಾಗಲಿ, ಮುಂಜಾನೆ ಪೊರಕೆಯಾಡಿಸಿ, ನೀರು ಚಿಮುಕಿಸಿ, ರಂಗವಲ್ಲಿಯಿಟ್ಟರೆ ಕೆಲಸ ಮುಗಿಯಿತು. ಊರಿನ ಚಳಿಯೂ ಸೌಮ್ಯವಾದದ್ದೇ. 1884ರ ಜನವರಿ 13ರಂದು ದಾಖಲಾದ 7.8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೇ ಈ ನಗರದ ಅತ್ಯಂತ ಕಡಿಮೆಯ ಉಷ್ಣತೆ. ಆದರೆ ಇದೇ ಬಡಾವಣೆಗಳ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕದ ಉತ್ತರದ ಸಂಸ್ಥಾನಗಳಲ್ಲಿ ಸಂಸಾರ ಹೂಡಿದ್ದಾರೆ. ಮಿಷಿಗನ್ನಿನಲ್ಲಿ ಪಂಪ ಕನ್ನಡ ಕೂಟ, ಷಿಕಾಗೋದಲ್ಲಿ ವಿದ್ಯಾರಣ್ಯ ಕನ್ನಡ ಕೂಟ, ನ್ಯೂ ಇಂಗ್ಲೆಂಡಿನಲ್ಲಿ ಮಂದಾರ ಕನ್ನಡ ಕೂಟಗಳು ನಡೆಯುತ್ತಿರುವುದು ಅವರಿಂದಲೇ. ಅಲ್ಲಿ ಚಳಿಗಾಲದ ಬೆಳಗಿನಲ್ಲಿ ಅಂಗಳ ಶುಚಿಮಾಡುವ ಕಥೆಯೇ ಬೇರೆ.

ಬೀದಿಯಿಂದ ಕಾರಿನ ಕೊಠಡಿಯವರೆಗಿನ ಹಾದಿಯನ್ನು ಅಲ್ಲಿನವರು ಡ್ರೈವ್‌ವೇ ಎನ್ನುತ್ತಾರೆ. ಊರಾಚೆಯ ಮನೆಗಳಲ್ಲಿ ಈ ಹಾದಿಯೊಂದೇ 30 ಅಡಿ ಅಗಲ, 40 ಅಡಿ ಉದ್ದದ ಬೆಂಗಳೂರಿನ ನಿವೇಶನದಷ್ಟು ವಿಸ್ತಾರವಾಗಿರುವುದುಂಟು. ಆ 1,200 ಚದರ ಅಡಿಯ ಮೇಲೆ ಒಂದು ರಾತ್ರಿ ಅರ್ಧ ಅಡಿ ಹಿಮ ಬಿದ್ದಿತೆನ್ನೋಣ. ಹಿಮದ ಪ್ರಮಾಣ 600 ಘನ ಅಡಿಯಾಯಿತು. ಹೊಸದಾಗಿ ಬಿದ್ದ ಹಗುರವಾದ ಹಿಮ ನೀರಿನ ಹತ್ತನೆಯ ಒಂದು ಪಾಲು ತೂಗುತ್ತದೆಂದು ಹಿಡಿದರೂ ಅಷ್ಟು ಹಿಮದ ತೂಕ 1,700 ಕಿಲೋಗ್ರಾಮಿನಷ್ಟಾಗುತ್ತದೆ. ತೇವವುಳ್ಳ ಹಿಮವಾದರೆ ಅದರ ಇಮ್ಮಡಿಯೋ ಮುಮ್ಮಡಿಯೋ ಆದೀತು. ಹತ್ತಿಯಂತೆ ಕಾಣುವ ವಸ್ತುವಿನ ಭಾರ ಇಷ್ಟು! ಇದನ್ನೆಲ್ಲ ಸನಿಕೆಯಿಂದ ಎತ್ತಿ ಹಾಕಿದ ಮೇಲೆಯೇ ಕಾರು ಬೀದಿಗಿಳಿಯಬೇಕು.

ಈ ಶ್ರಮ ಪ್ರಾಣಕ್ಕೇ ಎರವಾಗಬಲ್ಲದು. ಚಳಿಗೆ ರಕ್ತನಾಳಗಳು ಸಂಕುಚಿಸಿ ರಕ್ತದ ಒತ್ತಡ ಏರುತ್ತದೆ. ಅದೇ ಸಮಯದಲ್ಲಿ ತೋಳುಗಳ ಹಠಾತ್ ದುಡಿಮೆ ಹೃದಯದ ಮೇಲೆ ಹೊರೆ ಹೊರಿಸುತ್ತದೆ. ಹೃದ್ರೋಗವುಳ್ಳವರೂ ದೇಹಶ್ರಮದ ಅಭ್ಯಾಸವಿಲ್ಲದವರೂ ಹಿಮ ಎತ್ತುವಾಗ ಎಚ್ಚರವಾಗಿರಬೇಕೆಂದು ಅಮೆರಿಕದ ಹೃದಯ ಸಂಘ ಹೇಳುತ್ತ ಬಂದಿದೆ. ಮಗನ ಮನೆಗೆ ಹೋದ ನಿವೃತ್ತ ತಂದೆ, “ಇದೇನು ಮಹಾ, ನಾನೇ ತೆಗೆಯುತ್ತೇನೆ” ಎಂದು ಸನಿಕೆ ಹಿಡಿಯುವುದು ಪ್ರೀತಿಯ ಮಾತಾದರೂ ವಿವೇಕದ ಮಾತಲ್ಲ. ಅದಕ್ಕಾಗಿಯೇ ಅನೇಕ ಗೃಹಸ್ಥರು ತೋಟದ ಟ್ರ್ಯಾಕ್ಟರಿನ ಮೊರೆಹೋಗುತ್ತಾರೆ.

ಬೇಸಗೆಯ ಯಂತ್ರ, ಚಳಿಗಾಲದ ದುಡಿಮೆ

ತೋಟದ ಟ್ರ್ಯಾಕ್ಟರು ಹೊಲದ ಟ್ರ್ಯಾಕ್ಟರಿನ ಪುಟ್ಟ ತಮ್ಮ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆ 1961ರಲ್ಲಿ ಹೊರತಂದ ‘ಕಬ್ ಕೆಡೆಟ್’ ಇಂಥ ಯಂತ್ರಗಳಲ್ಲಿ ಹೆಸರಾದದ್ದು. ಅದರ ಶಕ್ತಿ 7 ಅಶ್ವಶಕ್ತಿ ಮಾತ್ರ. ಬೇಸಗೆಯಲ್ಲಿ ಹುಲ್ಲು ಕತ್ತರಿಸುವ ಇದೇ ಯಂತ್ರಕ್ಕೆ ಚಳಿಗಾಲದಲ್ಲಿ ಮುಂಭಾಗದಲ್ಲಿ ಬಾಗಿದ ಉಕ್ಕಿನ ಹಲಗೆಯನ್ನು ಜೋಡಿಸುತ್ತಾರೆ. ಇದನ್ನು ಹಿಮದ ನೇಗಿಲೆಂದು ಕರೆಯುವುದು ವಾಡಿಕೆಯಾದರೂ ಇದು ಉಳುವುದಿಲ್ಲ. ಗದ್ದೆಯನ್ನು ಮಟ್ಟಮಾಡಲು ಕನ್ನಡ ನಾಡಿನ ರೈತ ಎತ್ತುಗಳ ಹಿಂದೆ ಕಟ್ಟುವ ಹಲಗೆಗೆ ಇದು ಹತ್ತಿರದ ನೆಂಟ. ಅದು ಹಿಂದಿನಿಂದ ಎಳೆಸಿಕೊಂಡು ಬರುತ್ತದೆ, ಇದು ಮುಂದೆ ತಳ್ಳಿಕೊಂಡು ಹೋಗುತ್ತದೆ.

ಜೋಡಣೆಗೆ ಮೊದಲು ಹುಲ್ಲು ಕತ್ತರಿಸುವ ಭಾಗವನ್ನು ಸಾಮಾನ್ಯವಾಗಿ ಕಳಚುತ್ತಾರೆ. ಹಲಗೆಯ ಚೌಕಟ್ಟು ಟ್ರ್ಯಾಕ್ಟರಿನ ಅಡಿಗಟ್ಟಿಗೆ ಬಿಗಿಯಾಗಿ ಕೂಡಬೇಕು. ಹುಲ್ಲಿಗಾಗಿಯೇ ಮಾಡಿದ ಹಗುರವಾದ ಯಂತ್ರಗಳು ಈ ತಳ್ಳಾಟಕ್ಕೆ ತಾಳಲಾರವು. ಹಲಗೆಯ ಅಗಲದಲ್ಲೂ ಒಂದು ಲೆಕ್ಕವಿದೆ. ಹಿಮ ಪಕ್ಕಕ್ಕೆ ಸರಿಯಬೇಕಾದರೆ ಹಲಗೆಯನ್ನು ಓರೆಯಾಗಿ ತಿರುಗಿಸಬೇಕು. 48 ಅಂಗುಲದ ಹಲಗೆ 30 ಡಿಗ್ರಿ ಓರೆಯಾದಾಗ 42 ಅಂಗುಲಕ್ಕಿಂತ ಸ್ವಲ್ಪ ಕಡಿಮೆ ಅಗಲವನ್ನಷ್ಟೇ ಶುಚಿಮಾಡುತ್ತದೆ. ಚಕ್ರಗಳ ಹರಹು ಅದಕ್ಕಿಂತ ಹೆಚ್ಚಾದರೆ ಹೊರಗಿನ ಚಕ್ರ ತೆಗೆಯದ ಹಿಮದ ಮೇಲೆಯೇ ಉರುಳಬೇಕಾಗುತ್ತದೆ. ಹಲಗೆಯ ಹಿಂದೆ ಬಲವಾದ ಸ್ಪ್ರಿಂಗುಗಳಿರುತ್ತವೆ. ಹುದುಗಿದ ಕಲ್ಲಿಗೋ ಕಾಂಕ್ರೀಟಿನ ಏಣಿಗೋ ಹಲಗೆ ತಾಗಿದಾಗ ಅವು ಹಿಗ್ಗಿ ಹಲಗೆಯನ್ನು ಮುಂದಕ್ಕೆ ಮಡಿಸುತ್ತವೆ. ಪೆಟ್ಟು ಯಂತ್ರಕ್ಕೂ ಸವಾರನಿಗೂ ತಗಲುವುದಿಲ್ಲ.

ನೆಲವನ್ನರಿತು ಹಲಗೆ

ಇಷ್ಟಾದರೂ ಮುಖ್ಯವಾದ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಹಲಗೆಯ ಕೆಳಗಿರುವುದು ಎಂಥ ನೆಲ?

ಹಾದಿ ಜಲ್ಲಿಯದಾದರೆ, ನೆಲಕ್ಕೆ ತಾಗಿಸಿದ ಹಲಗೆ ಹಿಮದೊಡನೆ ಜಲ್ಲಿಯನ್ನೂ ಬಾಚುತ್ತದೆ. ವಸಂತದಲ್ಲಿ ಹಿಮ ಕರಗಿದಾಗ ಹುಲ್ಲುಹಾಸಿನ ತುಂಬ ಕಲ್ಲು, ಹಾದಿಯ ತುಂಬ ಕುಳಿ! ಇದನ್ನು ತಪ್ಪಿಸಲು ಹಲಗೆಯ ಹಿಂಬದಿಯ ಎರಡು ಕೊನೆಗಳಲ್ಲಿ ಅಣಬೆಯಾಕಾರದ ಉಕ್ಕಿನ ಪಾದುಕೆಗಳಿರುತ್ತವೆ. ಅವುಗಳನ್ನು ಕೆಳಕ್ಕಿಳಿಸಿದರೆ ಹಲಗೆ ನೆಲದಿಂದ ಅರ್ಧದಿಂದ ಒಂದು ಅಂಗುಲ ಮೇಲೆ ನಿಲ್ಲುತ್ತದೆ. ಉದ್ದಕ್ಕೆ ಸೀಳಿದ ಕೊಳವೆಯನ್ನು ಹಲಗೆಯ ಕೆಳ ಅಂಚಿಗೆ ತೊಡಿಸುವವರೂ ಇದ್ದಾರೆ. ಗುಂಡಗಿನ ಅಂಚು ಜಲ್ಲಿಯನ್ನು ಕೊರೆಯದೆ ಮೇಲೆ ಜಾರುತ್ತದೆ. ಅನುಭವಿಗಳು ವರ್ಷದ ಮೊದಲ ಹಿಮವನ್ನು ಪೂರ್ತಿಯಾಗಿ ತೆಗೆಯುವುದೇ ಇಲ್ಲ. ಅದನ್ನು ಚಕ್ರದಿಂದ ತುಳಿದು ಗಟ್ಟಿಯಾಗಲು ಬಿಡುತ್ತಾರೆ. ಹೆಪ್ಪುಗಟ್ಟಿದ ಆ ಪದರವೇ ಮುಂದಿನ ಹಿಮಪಾತಗಳಿಗೆ ಹಾಸುಗಲ್ಲಿನಂತಾಗುತ್ತದೆ.

ಡಾಂಬರಿನ ಅಥವಾ ಕಾಂಕ್ರೀಟಿನ ಹಾದಿಗೆ ಇದರ ವಿರುದ್ಧವಾದ ಕ್ರಮ. ಅಲ್ಲಿ ಉಳಿದ ತೆಳುವಾದ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ಕಾಲಿಟ್ಟವರನ್ನು ಕೆಡವುವ ಗಾಜಾಗುತ್ತದೆ. ಆದುದರಿಂದ ಪಾದುಕೆಗಳನ್ನು ಮೇಲೇರಿಸಿ ಹಲಗೆಯ ಅಂಚುಪಟ್ಟಿ ನೆಲವನ್ನು ಸವರುವಂತೆ ಮಾಡಬೇಕು. ಸವೆಯುವುದು ಈ ಪಟ್ಟಿಯೇ. ಅದನ್ನು ಬಿಚ್ಚಿ ಬದಲಿಸಬಹುದು. ಇಟ್ಟಿಗೆ ಹಾಸಿದ ನಾಜೂಕಾದ ಹಾದಿಗೆ ಉಕ್ಕಿನ ಬದಲು ರಬ್ಬರಿನ ಪಟ್ಟಿ ಲೇಸು.

ಹಲಗೆ ಎಷ್ಟೇ ಚೆನ್ನಾಗಿದ್ದರೂ ಚಕ್ರ ಜಾರಿದರೆ ಪ್ರಯೋಜನವಿಲ್ಲ. ಹಿಂದಿನ ಚಕ್ರಗಳಿಗೆ ಭಾರದ ಬಿಲ್ಲೆಗಳನ್ನು ಕಟ್ಟಿ, ಸರಪಳಿ ತೊಡಿಸುವುದು ರೂಢಿ. ಕಾಂಕ್ರೀಟಿನ ಮೇಲೆ ಉಕ್ಕಿನ ಸರಪಳಿ ಗೀರು ಮೂಡಿಸುವುದರಿಂದ ಕೆಲವರು ರಬ್ಬರಿನದನ್ನು ಆರಿಸುತ್ತಾರೆ.

ಮಿತಿಯೂ ಎಚ್ಚರಿಕೆಯೂ

ಪುಟ್ಟ ಯಂತ್ರಕ್ಕೆ ಪುಟ್ಟ ಮಿತಿ. 2014ರ ನವೆಂಬರಿನಲ್ಲಿ ನ್ಯೂಯಾರ್ಕ್ ಸಂಸ್ಥಾನದ ಬಫೆಲೋ ನಗರದ ಹೊರವಲಯಗಳಲ್ಲಿ 5 ಅಡಿಗೂ ಮೀರಿ ಹಿಮ ಸುರಿದಂತೆ ಆದಾಗ ತೋಟದ ಟ್ರ್ಯಾಕ್ಟರು ನಿಸ್ಸಹಾಯಕ. ಬೀಳುತ್ತಿರುವಾಗಲೇ ಕೆಲವು ಅಂಗುಲಗಳಿಗೊಮ್ಮೆ ತಳ್ಳುವುದೇ ಜಾಣತನ. ಮೊದಲ ಹಿಮವನ್ನು ಅಂಚಿನಿಂದ ಆದಷ್ಟು ದೂರಕ್ಕೆ ಒಯ್ಯಬೇಕು; ಇಲ್ಲವಾದರೆ ಹೆಪ್ಪುಗಟ್ಟಿದ ದಿಣ್ಣೆಗಳು ಬೆಳೆದು ಹಾದಿ ವಾರವಾರಕ್ಕೂ ಕಿರಿದಾಗುತ್ತದೆ. ನೆಲ ಗಟ್ಟಿಯಾಗುವ ಮುನ್ನವೇ ಹಾದಿಯ ಎರಡು ಬದಿಗೂ ಗುರುತಿನ ಕಡ್ಡಿಗಳನ್ನು ನೆಟ್ಟಿರಬೇಕು. ಮನೆಯ ಹಿಮವನ್ನು ಸಾರ್ವಜನಿಕ ರಸ್ತೆಗೆ ತಳ್ಳುವುದು ಮಿಷಿಗನ್ನಿನಲ್ಲಿ ಕಾನೂನಿಗೆ ವಿರುದ್ಧ.

ಬಾಗಿಲು ಮುಚ್ಚಿದ ಕೊಠಡಿಯಲ್ಲಿ ಎಂಜಿನನ್ನು ಬಿಸಿಮಾಡಲು ಓಡಿಸಬಾರದು. ಬಣ್ಣವೂ ವಾಸನೆಯೂ ಇಲ್ಲದ ಅದರ ವಿಷಾನಿಲ ಪ್ರಾಣಾಪಹಾರಿ. ಹಿಮದ ಗುಡ್ಡೆಗಳಲ್ಲಿ ಗವಿ ತೋಡಿ ಆಡುವುದೆಂದರೆ ಮಕ್ಕಳಿಗೆ ಪ್ರಾಣ. ಟ್ರ್ಯಾಕ್ಟರು ಹೊರಡುವ ಮುನ್ನ ಅವರೆಲ್ಲ ಮನೆಯೊಳಗಿರುವರೆಂದು ಎಣಿಸಿ ನೋಡಿಕೊಳ್ಳಬೇಕು.

ಈ ಸಿದ್ಧತೆಗಳಿಗೆಲ್ಲ ತಕ್ಕ ಕಾಲ ದೀಪಾವಳಿಯ ಆಸುಪಾಸು. ನೆಲ ಕಣ್ಣಿಗೆ ಕಾಣುತ್ತಿರುವಾಗಲೇ ಹಾದಿಯ ಉಬ್ಬುತಗ್ಗುಗಳನ್ನು ನೋಡಿಕೊಂಡು ಪಾದುಕೆಗಳ ಎತ್ತರವನ್ನು ಗೊತ್ತುಮಾಡಿ, ತಿರುಪುಗಳನ್ನು ಬಿಗಿಮಾಡಿಟ್ಟವರು ಜನವರಿಯ ಮುಂಜಾನೆ ನಿಶ್ಚಿಂತರು. ಬೆಂಗಳೂರಿನಿಂದ ಫೋನು ಮಾಡುವ ತಾಯಿತಂದೆಯರು ಹಬ್ಬದ ಅಡುಗೆಯ ವಿಚಾರದ ಜೊತೆಗೆ, “ಹಲಗೆ ಜೋಡಿಸಿ ಆಯಿತೇನಪ್ಪ?” ಎಂದೂ ಒಂದು ಮಾತು ಕೇಳಿದರೆ ತಪ್ಪಿಲ್ಲ.