ನೋವಿನ ಮಾತು, ನೋವಿನ ಮದ್ದು: ಅಂತರ್ಜಾಲದ ಅರಿವನ್ನು ಕುರಿತು ಒಂದು ವಿವೇಚನೆ

ಜ್ವರವನ್ನು ಅಳೆಯಲು ಉಷ್ಣಮಾಪಕವುಂಟು; ರಕ್ತದ ಒತ್ತಡವನ್ನು ಅಳೆಯಲು ಯಂತ್ರವುಂಟು; ರಕ್ತದಲ್ಲಿರುವ ಸಕ್ಕರೆಯ ಪ್ರಮಾಣವನ್ನು ಒಂದೇ ಹನಿಯಿಂದ ಗೊತ್ತುಮಾಡಬಹುದು. ಆದರೆ ಮನುಷ್ಯನನ್ನು ವೈದ್ಯನ ಬಾಗಿಲಿಗೆ ಕರೆತರುವ ಕಾರಣಗಳಲ್ಲಿ ಮುಖ್ಯವಾದ ನೋವನ್ನು ಹೀಗೆ ಅಳೆದು ಹೇಳುವ ಉಪಕರಣ ಇಂದಿಗೂ ಇಲ್ಲ. ಕ್ಷ-ಕಿರಣದ ಚಿತ್ರವು ಮುರಿದ ಮೂಳೆಯನ್ನು ತೋರಿಸುತ್ತದೆಯೇ ಹೊರತು ಅದು ಎಷ್ಟು ನೋಯುತ್ತಿದೆಯೆಂಬುದನ್ನು ತೋರಿಸಲಾರದು. ಅದನ್ನು ಬಲ್ಲವನು ನೋಯುತ್ತಿರುವವನೊಬ್ಬನೇ. ಅದನ್ನು ಇತರರಿಗೆ ತಿಳಿಸಲು ಅವನಿಗಿರುವ ಮುಖ್ಯ ಸಾಧನ ಮಾತು. ಆದಕಾರಣ ನೋವಿನ ಚಿಕಿತ್ಸೆಯಲ್ಲಿ ಔಷಧಕ್ಕೆ ಎಷ್ಟು ಸ್ಥಾನವುಂಟೋ ಭಾಷೆಗೂ ಅಷ್ಟೇ ಸ್ಥಾನವುಂಟು.

ನೋವನ್ನು ಹೇಳಬೇಕಾದ ರೋಗಿಗೂ ಅದನ್ನು ತಿಳಿದು ಮದ್ದು ಕೊಡಬೇಕಾದ ವೈದ್ಯನಿಗೂ ನೆರವಾಗುವ ಸಾಮಗ್ರಿ ಇಂದು ಅಂತರ್ಜಾಲದಲ್ಲಿ ಹೇರಳವಾಗಿ ದೊರೆಯುತ್ತಿದೆ. ಅದು ಯಾವ ಬಗೆಯದು, ಎಷ್ಟರಮಟ್ಟಿಗೆ ನಂಬತಕ್ಕದ್ದು, ಕನ್ನಡಿಗನಾದ ರೋಗಿಗೆ ಅದರಿಂದ ಪ್ರಯೋಜನವಾಗಬೇಕಾದರೆ ಏನು ನಡೆಯಬೇಕು ಎಂಬುದನ್ನು ಸಂಗ್ರಹವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

೧. ನೋವಿನ ಸ್ವರೂಪ

ನೋವನ್ನು ಪ್ರತ್ಯೇಕವಾದ ಒಂದು ಅಧ್ಯಯನವಿಷಯವೆಂದು ವೈದ್ಯಲೋಕ ಒಪ್ಪಿದ್ದು ಈಚೆಗೆ. ೧೯೫೩ರಲ್ಲಿ ಅಮೆರಿಕದ ಜಾನ್ ಬೊನಿಕಾ ಎಂಬ ವೈದ್ಯರು ನೋವಿನ ಚಿಕಿತ್ಸೆಯನ್ನು ಕುರಿತು ಬೃಹದ್ಗ್ರಂಥವೊಂದನ್ನು ಪ್ರಕಟಿಸಿದರು. ಅವರ ಪ್ರಯತ್ನದಿಂದಲೇ ೧೯೭೩ರಲ್ಲಿ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು ಹುಟ್ಟಿತು. ಈ ಸಂಘವು ೧೯೭೯ರಲ್ಲಿ ನೋವಿಗೆ ಒಂದು ಲಕ್ಷಣವನ್ನು ನಿರೂಪಿಸಿ, ೨೦೨೦ರಲ್ಲಿ ಅದನ್ನು ಪರಿಷ್ಕರಿಸಿತು. ಅದರ ತಾತ್ಪರ್ಯ ಇಷ್ಟು: ನೋವು ಅಹಿತವಾದ ಒಂದು ಅನುಭವ, ಅದರಲ್ಲಿ ಇಂದ್ರಿಯದ ಅಂಶವೂ ಭಾವದ ಅಂಶವೂ ಸೇರಿವೆ, ಅಂಗಕ್ಕೆ ಹಾನಿ ಆಗಿರಬಹುದು, ಆಗುವ ಸಂಭವವಿರಬಹುದು, ಅಥವಾ ಹಾನಿಯಾದಾಗಿನಂಥ ಅನುಭವ ಮಾತ್ರವೇ ಇರಬಹುದು. ನೋವಿದೆಯೆಂದು ಒಬ್ಬನು ಹೇಳಿದರೆ ಅದನ್ನು ಮನ್ನಿಸಬೇಕೆಂದೂ, ಮಾತಾಡಲಾರದವನಿಗೆ ನೋವಿಲ್ಲವೆಂದು ತಿಳಿಯಬಾರದೆಂದೂ ಆ ಲಕ್ಷಣಕ್ಕೆ ಜೋಡಿಸಿದ ಟಿಪ್ಪಣಿಗಳು ಸ್ಪಷ್ಟಪಡಿಸುತ್ತವೆ.

ಅಂಗಕ್ಕೆ ಆದ ಹಾನಿ ಹೆಚ್ಚಾದಂತೆ ನೋವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆಯೆಂಬುದು ಸಾಮಾನ್ಯರ ನಂಬಿಕೆ. ಈ ನಂಬಿಕೆಯನ್ನು ಅಲುಗಿಸಿದ್ದು ೧೯೬೫ರಲ್ಲಿ ಮೆಲ್‌ಜಾಕ್ ಮತ್ತು ವಾಲ್ ಎಂಬ ವಿದ್ವಾಂಸರು ಮಂಡಿಸಿದ ದ್ವಾರಸಿದ್ಧಾಂತ. ಅಂಗಗಳಿಂದ ಹೊರಟ ಸಂಕೇತಗಳು ಬೆನ್ನುಹುರಿಯನ್ನು ಮುಟ್ಟಿದಾಗ ಅಲ್ಲಿ ಬಾಗಿಲಿನಂಥ ಏರ್ಪಾಡೊಂದು ಅವುಗಳನ್ನು ತಡೆಯಬಹುದು ಇಲ್ಲವೆ ಮುಂದಕ್ಕೆ ಬಿಡಬಹುದು. ಮಿದುಳಿನಿಂದ ಇಳಿದುಬರುವ ಸಂಕೇತಗಳೂ ಆ ಬಾಗಿಲನ್ನು ತೆರೆಯಬಲ್ಲವು, ಮುಚ್ಚಬಲ್ಲವು ಎಂಬುದು ಅದರ ಸಾರ. ಪೆಟ್ಟುಬಿದ್ದ ಮೊಣಕಾಲನ್ನು ಅಂಗೈಯಿಂದ ಉಜ್ಜಿಕೊಂಡರೆ ನೋವು ತಗ್ಗುವುದೂ, ಭಯಪಟ್ಟವನಿಗೆ ಅದೇ ಪೆಟ್ಟು ಹೆಚ್ಚು ನೋಯುವುದೂ ಇದರಿಂದ ಅರ್ಥವಾಗುತ್ತವೆ. ಸಿದ್ಧಾಂತದ ವಿವರಗಳಲ್ಲಿ ಮುಂದೆ ತಿದ್ದುಪಡಿಗಳಾದುವು. ಆದರೆ ನೋವು ಕೇವಲ ತಂತಿಯ ಮೂಲಕ ಬಂದ ವಾರ್ತೆಯಲ್ಲವೆಂಬ ಮೂಲತತ್ತ್ವ ಉಳಿದಿದೆ.

೨. ಮಾತೇ ಮಾಪಕ

ಇದೇ ಮೆಲ್‌ಜಾಕ್ ಅವರು ೧೯೭೫ರಲ್ಲಿ ಕೆನಡದ ಮೆಗಿಲ್ ವಿಶ್ವವಿದ್ಯಾನಿಲಯದಿಂದ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಲ್ಲಿರುವುದು ನೋವನ್ನು ಬಣ್ಣಿಸುವ ೭೮ ಶಬ್ದಗಳು; ಅವುಗಳನ್ನು ೨೦ ಗುಂಪುಗಳಾಗಿ ವಿಂಗಡಿಸಲಾಗಿದೆ. ರೋಗಿ ತನ್ನ ನೋವಿಗೆ ಒಪ್ಪುವ ಶಬ್ದಗಳನ್ನು ಆರಿಸುತ್ತಾನೆ. ೨೦೦೫ರಲ್ಲಿ ಫ್ರಾನ್ಸಿನ ವೈದ್ಯರು ರಚಿಸಿದ ಇನ್ನೊಂದು ಪ್ರಶ್ನಾವಳಿ ಇದಕ್ಕಿಂತ ಚಿಕ್ಕದು. ಅದರಲ್ಲಿ ಹತ್ತು ಅಂಶಗಳಿವೆ: ಉರಿ, ನೋಯಿಸುವಂಥ ತಣ್ಪು, ವಿದ್ಯುತ್ತು ಹೊಡೆದಂಥ ಆಘಾತ, ಜುಮ್ಮೆನ್ನುವಿಕೆ, ಸೂಜಿ ಚುಚ್ಚಿದಂಥ ಅನುಭವ, ಮರಗಟ್ಟುವಿಕೆ, ತುರಿಕೆ ಎಂಬ ಏಳನ್ನು ರೋಗಿಯನ್ನು ಕೇಳಿ ತಿಳಿಯಬೇಕು, ಉಳಿದ ಮೂರನ್ನು ವೈದ್ಯನು ಮುಟ್ಟಿ, ಚುಚ್ಚಿ, ಸವರಿ ಪರೀಕ್ಷಿಸಬೇಕು. ನಾಲ್ಕು ಅಥವಾ ಹೆಚ್ಚು ಅಂಶಗಳು ಕೂಡಿಬಂದರೆ ಆ ನೋವು ನರಗಳ ದೋಷದಿಂದ ಹುಟ್ಟಿದ್ದೆಂದು ಶಂಕಿಸಲು ಆಧಾರವುಂಟು.

ಇದು ಬರಿಯ ಶಬ್ದವಿಲಾಸವಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮಧುಮೇಹದಿಂದ ಕಾಲಿನ ನರಗಳು ಕೆಟ್ಟಾಗ, ಸರ್ಪಸುತ್ತು ವಾಸಿಯಾದಮೇಲೆಯೂ ನೋವು ಉಳಿದಾಗ, ಸಾಮಾನ್ಯವಾದ ನೋವಿನ ಮಾತ್ರೆಗಳಿಂದ ಹೆಚ್ಚು ಫಲವಿಲ್ಲ. ಅಲ್ಲಿ ನರಗಳ ಮೇಲೆ ಕೆಲಸಮಾಡುವ ಬೇರೆ ವರ್ಗದ ಔಷಧಗಳು ಬೇಕು. ‘ಕಾಲು ನೋಯುತ್ತದೆ’ ಎಂದಷ್ಟೇ ಹೇಳಿದ ರೋಗಿಗೆ ಒಂದು ಮದ್ದು ದೊರೆತರೆ, ‘ಮೆಣಸಿನಕಾಯಿ ಅರೆದು ಹಚ್ಚಿದಂತೆ ಅಂಗಾಲು ಉರಿಯುತ್ತದೆ, ರಾತ್ರಿ ಇರುವೆ ಹರಿದಂತಾಗುತ್ತದೆ’ ಎಂದವನಿಗೆ ಇನ್ನೊಂದು ದೊರೆಯುತ್ತದೆ. ಮಾತು ಬದಲಾದರೆ ಮದ್ದು ಬದಲಾಗುತ್ತದೆ.

೩. ಅಂತರ್ಜಾಲದ ಸಾಮಗ್ರಿ

ಅಂತರ್ಜಾಲದಲ್ಲಿ ದೊರೆಯುವ ಸಾಮಗ್ರಿಯನ್ನು ಎರಡು ಭಾಗಗಳಾಗಿ ವಿಂಗಡಿಸಬಹುದು. ಮೊದಲನೆಯದು ವೈದ್ಯರು, ದಾದಿಯರು, ಔಷಧ ವಿತರಕರು ಮುಂತಾದವರಿಗಾಗಿ ಸಿದ್ಧಪಡಿಸಿದ್ದು. ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್ ೧೯೯೭ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಗಳೂ ಹಾಗೆಯೇ. ಇವಲ್ಲದೆ ದೂರದಿಂದಲೇ ಪಾಠ ಹೇಳುವ ಏರ್ಪಾಡುಗಳಿವೆ. ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾನಿಲಯದಲ್ಲಿ ಸಂಜೀವ್ ಅರೋರಾ ಅವರು ೨೦೦೩ರಲ್ಲಿ ಯಕೃತ್ತಿನ ರೋಗವೊಂದರ ಚಿಕಿತ್ಸೆಗಾಗಿ ‘ಎಕೊ’ ಎಂಬ ಕ್ರಮವನ್ನು ಆರಂಭಿಸಿದರು. ಪರಿಣತರು ಒಂದೆಡೆ ಕುಳಿತು, ದೂರದ ಊರುಗಳ ವೈದ್ಯರು ಮಂಡಿಸುವ ರೋಗಿಗಳ ವೃತ್ತಾಂತವನ್ನು ಪರದೆಯ ಮೇಲೆ ಕೇಳಿ ಚರ್ಚಿಸುವುದು ಇದರ ರೀತಿ. ನೋವಿನ ಚಿಕಿತ್ಸೆಗೂ ಈ ಕ್ರಮ ಹಬ್ಬಿತು. ಡಾ. ಎಂ. ಆರ್. ರಾಜಗೋಪಾಲ್ ಅವರು ೨೦೦೩ರಲ್ಲಿ ಸ್ಥಾಪಿಸಿದ, ತಿರುವನಂತಪುರದ ಪಾಲಿಯಂ ಇಂಡಿಯಾ ಸಂಸ್ಥೆ ಉಪಶಮನ ಚಿಕಿತ್ಸೆಯನ್ನು ಈ ಮೂಲಕವೂ ಬೋಧಿಸುತ್ತಿದೆ.

ಎರಡನೆಯದು ರೋಗಿಗಳಿಗಾಗಿ ಬರೆದದ್ದು. ಮೂರು ತಿಂಗಳು ಮೀರಿದ ನೋವಿಗೆ ದೀರ್ಘಕಾಲದ ನೋವೆಂದು ಹೆಸರು. ಇಂಥ ನೋವಿನವನು ಆಸ್ಪತ್ರೆಯಲ್ಲಿ ಕಳೆಯುವುದು ಕೆಲವು ನಿಮಿಷ. ಉಳಿದ ಹೊತ್ತೆಲ್ಲ ಅವನು ತನ್ನ ನೋವಿನೊಡನೆ ಮನೆಯಲ್ಲಿ, ಹೊಲದಲ್ಲಿ, ಕಚೇರಿಯಲ್ಲಿ ಬಾಳಬೇಕು. ಕೆಲಸವನ್ನು ಮೈಮೇಲೆ ಹಾಕಿಕೊಂಡು ಒಂದೇ ದಿನ ಮುಗಿಸಿ ಮೂರು ದಿನ ಮಲಗುವುದಕ್ಕಿಂತ ಅದನ್ನು ಹಂಚಿ ಮಾಡುವುದು, ಅಂಗಸಾಧನೆಯನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುವುದು, ನಿದ್ರೆಯನ್ನು ಕ್ರಮಪಡಿಸುವುದು, ನೋವಿನ ದಿನಚರಿಯನ್ನು ಬರೆದಿಡುವುದು ಮುಂತಾದುವನ್ನು ಒಳ್ಳೆಯ ಪುಟಗಳು ಕಲಿಸುತ್ತವೆ. ಇಂಥ ದಿನಚರಿಯೊಂದನ್ನು ರೋಗಿ ವೈದ್ಯನ ಮುಂದಿಟ್ಟರೆ, ಆ ಕೆಲವು ನಿಮಿಷಗಳ ಬೆಲೆ ಹೆಚ್ಚುತ್ತದೆ.

೪. ಓದದೆ ಒಪ್ಪಿದುದರ ಫಲ

ಸಾಮಗ್ರಿ ಹೇರಳವಾಗಿದ್ದ ಮಾತ್ರಕ್ಕೆ ಅರಿವು ಹೆಚ್ಚಿತೆಂದು ಹೇಳಲಾಗದು. ಇದಕ್ಕೆ ಪ್ರಸಿದ್ಧವಾದ ಒಂದು ನಿದರ್ಶನವುಂಟು. ೧೯೮೦ರಲ್ಲಿ ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ಪತ್ರಿಕೆಯಲ್ಲಿ ಪೋರ್ಟರ್ ಮತ್ತು ಜಿಕ್ ಎಂಬವರ ಐದು ವಾಕ್ಯಗಳ ಪತ್ರವೊಂದು ಪ್ರಕಟವಾಯಿತು. ಆಸ್ಪತ್ರೆಯಲ್ಲಿದ್ದಾಗ ಅಫೀಮಿನ ವರ್ಗದ ಔಷಧವನ್ನು ಒಮ್ಮೆಯಾದರೂ ಪಡೆದ ೧೧,೮೮೨ ರೋಗಿಗಳಲ್ಲಿ, ಮೊದಲು ವ್ಯಸನವಿಲ್ಲದೆ ಆಮೇಲೆ ವ್ಯಸನಕ್ಕೆ ಒಳಗಾದುದು ಚೆನ್ನಾಗಿ ದಾಖಲೆಯಾದವರು ನಾಲ್ವರು ಮಾತ್ರವೆಂದು ಅದು ತಿಳಿಸಿತು. ಆಸ್ಪತ್ರೆಯಿಂದ ಮನೆಗೆ ಹೋಗಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರ ವಿಷಯವನ್ನು ಅದು ಹೇಳಿರಲಿಲ್ಲ. ಆದರೂ ಬರೆದವರು ಬರೆದವರನ್ನು ಅನುಸರಿಸಿದರು. ೨೦೧೭ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಪರಿಶೀಲನೆಯಂತೆ, ಆ ಪತ್ರವನ್ನು ಉಲ್ಲೇಖಿಸಿದ ೬೦೮ ಬರಹಗಳಲ್ಲಿ ನೂರಕ್ಕೆ ೭೨ರಷ್ಟು ಅದನ್ನು ವ್ಯಸನ ವಿರಳವೆಂಬುದಕ್ಕೆ ಪ್ರಮಾಣವಾಗಿ ಹಿಡಿದಿದ್ದುವು. ನೂರಕ್ಕೆ ೮೦ಕ್ಕೂ ಹೆಚ್ಚು ಬರಹಗಳು ಅದು ಆಸ್ಪತ್ರೆಯ ಒಳರೋಗಿಗಳಿಗೆ ಸಂಬಂಧಿಸಿದ್ದೆಂಬುದನ್ನೇ ಹೇಳಿರಲಿಲ್ಲ. ಈ ನಡುವೆ ಅಮೆರಿಕದಲ್ಲಿ ಈ ಔಷಧಗಳ ಬಳಕೆ ಮಿತಿಮೀರಿ, ಅಪಾರ ಪ್ರಾಣಹಾನಿಯಾಯಿತು. ಅದಕ್ಕೆ ಕಾರಣಗಳು ಹಲವು. ಮೂಲವನ್ನು ಓದದೆ ಒಪ್ಪಿದ್ದು ಅವುಗಳಲ್ಲಿ ಒಂದು.

ನಮ್ಮ ದೇಶದಲ್ಲಿ ನಡೆದದ್ದು ಇದರ ವಿಪರ್ಯಾಸ. ನ್ಯಾಯಬದ್ಧವಾಗಿ ಅಫೀಮನ್ನು ಬೆಳೆಯುವ ಕೆಲವೇ ದೇಶಗಳಲ್ಲಿ ಭಾರತವೂ ಒಂದು. ಆದರೂ ೧೯೮೫ರ ಮಾದಕ ದ್ರವ್ಯಗಳ ಕಾಯಿದೆಯ ಕಠಿನ ದಂಡನೆಗೂ ಹಲವು ಪರವಾನಗಿಗಳ ತೊಡಕಿಗೂ ಅಂಜಿ ಅನೇಕ ಆಸ್ಪತ್ರೆಗಳು ಮಾರ್ಫೀನನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟುವು. ಕ್ಯಾನ್ಸರಿನ ಕೊನೆಯ ಹಂತದಲ್ಲಿ ನರಳುವವನಿಗೆ ಅಗ್ಗವಾದ ಈ ಮದ್ದು ದೊರೆಯದಂತಾಯಿತು. ೨೦೧೪ರ ತಿದ್ದುಪಡಿಯು ಅವಶ್ಯಕ ಔಷಧಗಳಿಗೆ ದೇಶಕ್ಕೆಲ್ಲ ಒಂದೇ ನಿಯಮವನ್ನು ಏರ್ಪಡಿಸಿ ತೊಡಕನ್ನು ಸಡಿಲಿಸಿತು. ಆದರೆ ಕಾಯಿದೆ ತಿದ್ದಿದ ಮಾತ್ರಕ್ಕೆ ಮನಸ್ಸಿನ ಭಯ ತಿದ್ದಿಹೋಗದು. ಮಾರ್ಫೀನ್ ಕೊಟ್ಟರೆಂದರೆ ಸಾವು ಹತ್ತಿರ ಬಂತೆಂದು ರೋಗಿಯ ಮನೆಯವರು ತಿಳಿಯುತ್ತಾರೆ. ವೈದ್ಯನ ಮೇಲ್ವಿಚಾರಣೆಯಲ್ಲಿ, ಕಾಲಕಾಲಕ್ಕೆ ಸರಿಯಾಗಿ, ಬಾಯಿಯ ಮೂಲಕ ಕೊಡುವ ಮಾರ್ಫೀನಿನಿಂದ ಸಾವು ಸಮೀಪಿಸುವುದಿಲ್ಲವೆಂದೂ, ಅದರಿಂದಾಗುವ ಮಲಬದ್ಧತೆಗೆ ಜೊತೆಯಲ್ಲಿಯೇ ಮದ್ದು ಕೊಡಬೇಕೆಂದೂ, ದೇಹವು ಔಷಧಕ್ಕೆ ಹೊಂದಿಕೊಳ್ಳುವುದು ಬೇರೆ ವ್ಯಸನ ಬೇರೆ ಎಂದೂ ತಿಳಿಸುವುದು ಒಳ್ಳೆಯ ಪುಟವೊಂದರ ಕರ್ತವ್ಯ. ಒಂದು ದೇಶದಲ್ಲಿ ಅರೆ ತಿಳಿವು ಔಷಧವನ್ನು ಅತಿಯಾಗಿ ಸುರಿಯಿತು. ಇನ್ನೊಂದರಲ್ಲಿ ಅರೆ ತಿಳಿವು ಅದನ್ನು ಬೀಗದಲ್ಲಿಟ್ಟಿತು. ಎರಡು ಕಡೆಯೂ ಬೆಲೆ ತೆತ್ತವನು ರೋಗಿ.

೫. ಪರೀಕ್ಷಿಸುವ ಬಗೆ

ಹೀಗಿರುವುದರಿಂದ ಓದುವವನು ನಾಲ್ಕು ಪ್ರಶ್ನೆಗಳನ್ನು ಹಾಕಿಕೊಳ್ಳುವುದು ಒಳಿತು. ಬರೆದವರು ಯಾರು? ಬರೆದುದು ಯಾವಾಗ? ಮೂಲ ಯಾವುದು? ಇದರಿಂದ ಯಾವ ಸರಕಾದರೂ ಮಾರಾಟವಾಗುತ್ತದೆಯೆ?

ಇವುಗಳಲ್ಲಿ ಎರಡನೆಯದನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು ೧೯೮೬ರಲ್ಲಿ ಕ್ಯಾನ್ಸರ್ ನೋವಿಗಾಗಿ ಮೂರು ಮೆಟ್ಟಿಲುಗಳ ಏಣಿಯೊಂದನ್ನು ಸೂಚಿಸಿತು: ಮೊದಲು ಸಾಮಾನ್ಯ ಮಾತ್ರೆ, ಆಮೇಲೆ ಸೌಮ್ಯವಾದ ಅಫೀಮಿನ ವರ್ಗ, ಕೊನೆಗೆ ಮಾರ್ಫೀನ್. ೨೦೧೮ರ ಮಾರ್ಗಸೂಚಿಯಲ್ಲಿ ಆ ಏಣಿ ಬೋಧನೆಗೆ ಉಪಯುಕ್ತವಾದ ಸ್ಥೂಲ ಮಾದರಿಯಾಗಿ ಉಳಿದು, ಪ್ರತಿಯೊಬ್ಬ ರೋಗಿಯನ್ನೂ ಬೇರೆಯಾಗಿ ಪರಿಶೀಲಿಸಬೇಕೆಂಬ ತತ್ತ್ವಕ್ಕೆ ಮೊದಲ ಸ್ಥಾನ ದೊರೆಯಿತು. ಸೊಂಟನೋವಿಗೆ ಹಾಸಿಗೆ ಹಿಡಿದು ಮಲಗುವುದೇ ಮದ್ದೆಂದು ಹಿಂದೆ ಹೇಳುತ್ತಿದ್ದರು. ಸಾಮಾನ್ಯವಾದ ಸೊಂಟನೋವಿನಲ್ಲಿ ಆದಷ್ಟೂ ಓಡಾಡಿಕೊಂಡಿರುವುದೇ ಲೇಸೆಂದು ಈಗ ಹೇಳುತ್ತಾರೆ. ಹಳೆಯ ಪುಟ ಅಳಿಯದೆ ಹೊಸದರ ಪಕ್ಕದಲ್ಲೇ ನಿಂತಿರುವುದು ಅಂತರ್ಜಾಲದ ಸ್ವಭಾವ.

ಇನ್ನೊಂದು ಲಕ್ಷಣವನ್ನೂ ಹೇಳಬೇಕು. ಯಾವಾಗ ಓದುವುದನ್ನು ನಿಲ್ಲಿಸಿ ವೈದ್ಯನ ಬಳಿಗೆ ಓಡಬೇಕೆಂಬುದನ್ನು ಒಳ್ಳೆಯ ಪುಟವು ಮೊದಲೇ ಹೇಳುತ್ತದೆ. ಬೆವರಿನೊಡನೆ ಎದೆನೋವು, ಹಿಂದೆಂದೂ ಕಾಣದಂತೆ ಹಠಾತ್ತನೆ ಬಂದ ತಲೆನೋವು, ಮೂತ್ರದ ಹಿಡಿತ ತಪ್ಪಿಸಿದ ಅಥವಾ ಕಾಲಿನ ಬಲ ಕುಂದಿಸಿದ ಬೆನ್ನುನೋವು - ಇವು ಪರದೆಯ ಮುಂದೆ ಕೂತು ಪರಿಹರಿಸತಕ್ಕವಲ್ಲ.

೬. ಕನ್ನಡದಲ್ಲಿ ಆಗಬೇಕಾದ ಕೆಲಸ

ಮೇಲೆ ಹೇಳಿದ ಸಾಮಗ್ರಿಯ ಬಹುಭಾಗ ಇಂಗ್ಲಿಷಿನಲ್ಲಿದೆ. ಅದನ್ನು ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಂದರೆ ಸಾಲದು. ಇಂಗ್ಲಿಷಿನವರು ಒಂದೆಡೆಯಿಂದ ಇನ್ನೊಂದೆಡೆಗೆ ಹಾಯುವ ನೋವನ್ನು ಗುಂಡು ಹಾರುವುದಕ್ಕೆ ಹೋಲಿಸುತ್ತಾರೆ. ನಮ್ಮವರು ‘ಛಳಕು ಹೊಡೆಯಿತು’ ಎನ್ನುತ್ತಾರೆ. ಅವರು ಮೊಂಡಾದ ನೋವೆಂಬುದನ್ನು ಕನ್ನಡದ ಯಾವ ರೋಗಿಯೂ ಆ ಮಾತಿನಲ್ಲಿ ಹೇಳನು. ತಲೆ ಸಿಡಿಯುತ್ತದೆ, ಹೊಟ್ಟೆ ಹಿಂಡುತ್ತದೆ, ಕಾಲು ಸೆಳೆಯುತ್ತದೆ, ಹಲ್ಲು ಜುಮ್ಮೆನ್ನುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ. ಉತ್ತರದ ಜಿಲ್ಲೆಗಳಲ್ಲಿ ಆ ಸೊಂಟವೇ ಟೊಂಕ. ‘ಬೇನೆ’ ಎಂಬ ಶಬ್ದ ಒಮ್ಮೆ ನೋವನ್ನೂ ಒಮ್ಮೆ ರೋಗವನ್ನೇ ಸೂಚಿಸುತ್ತದೆ. ‘ಉರಿ’ ಎಂಬುದು ಕಣ್ಣಿಗೂ ಹೊಟ್ಟೆಗೂ ಮೂತ್ರಕ್ಕೂ ಅಂಗಾಲಿಗೂ ಸಲ್ಲುತ್ತದೆ.

ನೋವಿನ ತೀವ್ರತೆಯನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕಿಯಲ್ಲಿ ಹೇಳೆಂದು ಕೇಳುವುದು ವೈದ್ಯರ ವಾಡಿಕೆ. ಹಳ್ಳಿಯ ಮುದುಕಿಗೆ ಇದು ಹೊಸದಾಗಿ ತೋರಬಹುದು. ಆದರೆ ‘ಈಗ ಎಂಟಾಣೆ ಪಾಲು ವಾಸಿ’ ಎಂಬ ಮಾತು ಅವಳ ಬಾಯಲ್ಲೇ ಇದೆ! ಹದಿನಾರಾಣೆಯ ಆ ಲೆಕ್ಕವೂ ಒಂದು ಮಾಪಕವೇ. ಅದನ್ನು ಕೇಳುವ ಜಾಣ್ಮೆ ಪ್ರಶ್ನಾವಳಿಯನ್ನು ರಚಿಸುವವರಿಗಿರಬೇಕು.

ಆದುದರಿಂದ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತರುವ ಕ್ರಮ ಹೀಗಿರತಕ್ಕದ್ದು: ಒಬ್ಬರು ಕನ್ನಡಿಸಬೇಕು, ಮೂಲವನ್ನು ಕಾಣದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು, ಎರಡನ್ನೂ ಹೋಲಿಸಿ ತಿದ್ದಿದಮೇಲೆ ಬೇರೆ ಬೇರೆ ಜಿಲ್ಲೆಗಳ ರೋಗಿಗಳ ಮುಂದಿಟ್ಟು ಅವರಿಗೆ ತಿಳಿದುದೇನೆಂದು ಕೇಳಬೇಕು. ಈ ಕೆಲಸವನ್ನು ವೈದ್ಯರೇ ಮಾಡಲಿ ಎಂದು ಬಿಡುವಂತಿಲ್ಲ. ಭಾಷೆಯನ್ನು ಬಲ್ಲ ಅಧ್ಯಾಪಕರೂ ತಮ್ಮ ತಮ್ಮ ಊರಿನ ನುಡಿಯನ್ನು ಬಲ್ಲ ವಿದ್ಯಾರ್ಥಿಗಳೂ ಇದರಲ್ಲಿ ಕೈಗೂಡಿಸಬೇಕು. ಒಂದೊಂದು ಕಾಲೇಜು ತನ್ನ ತಾಲ್ಲೂಕಿನ ನೋವಿನ ಮಾತುಗಳನ್ನು ಸಂಗ್ರಹಿಸಿ, ಯಾವ ಮಾತು ಯಾವ ಅಂಗಕ್ಕೆ, ಯಾವ ಬಗೆಯ ನೋವಿಗೆ ಸಲ್ಲುತ್ತದೆಯೆಂದು ಗುರುತಿಸಿದರೂ ದೊಡ್ಡ ಉಪಕಾರವಾದೀತು.

ನೋವಿಗೆ ಮದ್ದುಗಳಿವೆ, ಆ ಮದ್ದುಗಳನ್ನು ಕುರಿತ ಅರಿವು ಅಂತರ್ಜಾಲದಲ್ಲಿದೆ. ಆದರೆ ರಾತ್ರಿಯೆಲ್ಲ ಎಚ್ಚರವಿದ್ದು ಬೆಳಗ್ಗೆ ಆಸ್ಪತ್ರೆಯ ಸಾಲಿನಲ್ಲಿ ನಿಂತವನು ತನ್ನ ಸರದಿ ಬಂದಾಗ ಆಡುವ ಮೊದಲ ಮಾತು ಕನ್ನಡದ್ದು. ಆ ಮಾತಿನಿಂದ ಮದ್ದಿನವರೆಗೆ ದಾರಿ ಹಾಕುವ ಕೆಲಸ ನಮ್ಮದು.