ಫ್ಯೂಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಎಂಜಿನ್ ಚಾಲೂ ಆಗುವ ತೊಂದರೆ

ಎಂಜಿನ್ ಚಾಲೂ ಆಗುವ ತೊಂದರೆ ಎಂದರೆ, ಸ್ಟಾರ್ಟರ್ ಮೋಟಾರು ಎಂಜಿನ್ನನ್ನು ತಿರುಗಿಸುತ್ತಿದ್ದರೂ ಅದು ಕೂಡಲೇ ಚಾಲೂ ಆಗದೆ, ಹಲವು ಸೆಕೆಂಡುಗಳ ಅಥವಾ ಹಲವು ಪ್ರಯತ್ನಗಳ ಬಳಿಕ ಮಾತ್ರ ಚಾಲೂ ಆಗುವ ಸ್ಥಿತಿ. ಸುಸ್ಥಿತಿಯಲ್ಲಿರುವ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ ಒಂದೆರಡು ಸೆಕೆಂಡುಗಳಲ್ಲಿಯೇ ಚಾಲೂ ಆಗುತ್ತದೆ. ಫ್ಯೂಯೆಲ್ ಇಂಜೆಕ್ಷನ್ ಅಳವಡಿಸಿದ ಹಳೆಯ ಕಾರುಗಳಲ್ಲಿ ಈ ತೊಂದರೆಗೆ ಕಾರಣಗಳು ಅನೇಕ. ಆದರೆ ಅವುಗಳಲ್ಲಿ ಹೆಚ್ಚಿನವು ತಮ್ಮನ್ನು ತೋರಿಸಿಕೊಳ್ಳುವ ಸಮಯ ಬೇರೆ ಬೇರೆ: ಕೆಲವು ಎಂಜಿನ್ ತಣ್ಣಗಿರುವಾಗ, ಕೆಲವು ಬಿಸಿಯಾಗಿರುವಾಗ, ಕೆಲವು ಕಾರು ಗಂಟೆಗಟ್ಟಲೆ ನಿಂತಿದ್ದ ಮೇಲೆ. ಆದುದರಿಂದ ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸುವ ಮೊದಲು ತೊಂದರೆ ಯಾವಾಗ ಬರುತ್ತದೆ ಎಂಬುದನ್ನು ಗಮನಿಸುವುದೇ ಪತ್ತೆಕಾರ್ಯದ ಮೊದಲ ಹೆಜ್ಜೆ.

ಹಿನ್ನೆಲೆ

ಕಾರ್ಬ್ಯುರೇಟರ್ ಇದ್ದ ಕಾರುಗಳಲ್ಲಿ ತಣ್ಣನೆಯ ಎಂಜಿನ್ ಚಾಲೂ ಮಾಡಲು ಚಾಲಕನೇ ಚೋಕ್ ಎಳೆದು ಪೆಟ್ರೋಲಿನ ಪ್ರಮಾಣವನ್ನು ಹೆಚ್ಚಿಸುತ್ತಿದ್ದನು. ಇಂಜೆಕ್ಷನ್ ಪದ್ಧತಿಯಲ್ಲಿ ಈ ಕೆಲಸವನ್ನು ಸಂವೇದಕಗಳೂ ನಿಯಂತ್ರಣ ಘಟಕವೂ (ಇ.ಸಿ.ಯು.) ಸೇರಿ ಮಾಡುತ್ತವೆ. ಬಾಷ್ ಸಂಸ್ಥೆಯ ಡಿ-ಜೆಟ್ರಾನಿಕ್ ಎಂಬ ವಿದ್ಯುನ್ಮಾನ ಪದ್ಧತಿ 1967ರಲ್ಲಿ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಬಳಕೆಗೆ ಬಂದಿತು. 1970ರ ದಶಕದಲ್ಲಿ ಕೆ-ಜೆಟ್ರಾನಿಕ್ ಮತ್ತು ಎಲ್-ಜೆಟ್ರಾನಿಕ್ ಪದ್ಧತಿಗಳು ಬಂದವು.

ಭಾರತದಲ್ಲಿ ಈ ಬದಲಾವಣೆಗೆ ವೇಗ ಕೊಟ್ಟದ್ದು ಹೊಗೆ ನಿಯಂತ್ರಣದ ನಿಯಮಗಳು. ದೆಹಲಿ ರಾಜಧಾನಿ ಪ್ರದೇಶದಲ್ಲಿ ನೋಂದಣಿಯಾಗುವ ಖಾಸಗಿ ಕಾರುಗಳು 1999ರ ಜೂನ್ 1ರಿಂದ ಯೂರೋ-1, 2000ದ ಏಪ್ರಿಲ್ 1ರಿಂದ ಯೂರೋ-2 ಮಾನದಂಡವನ್ನು ಪಾಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ಆದೇಶಿಸಿತು. ಮಾರುತಿ 800 ಮೊದಲಾದ ಕಾರುಗಳ ಹಿಂಬದಿಯಲ್ಲಿ ‘ಎಂ.ಪಿ.ಎಫ್.ಐ.’ ಎಂಬ ಅಕ್ಷರಗಳು ಕಾಣಿಸಿಕೊಂಡದ್ದು ಈ ಅವಧಿಯಲ್ಲಿ. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಂಜೆಕ್ಟರ್ ಇರುವ ಪದ್ಧತಿಯ ಹೆಸರು ಅದು. ಆ ಕಾಲದ ಕಾರುಗಳು ಇಂದಿಗೂ ಓಡುತ್ತಿವೆ. ಅವುಗಳ ರಬ್ಬರ್ ಕೊಳವೆ, ತಂತಿಜೋಡಣೆ ಮತ್ತು ಸಂವೇದಕಗಳಿಗೆ ಈಗ ಸುಮಾರು ಎರಡು ದಶಕಗಳ ವಯಸ್ಸಾಗಿದೆ.

ಎಂಜಿನ್ ಚಾಲೂ ಆಗಲು ಬೇಕಾದವು

ಯಾವುದೇ ಪೆಟ್ರೋಲ್ ಎಂಜಿನ್ ಚಾಲೂ ಆಗಲು ನಾಲ್ಕು ಅಂಶಗಳು ಒಟ್ಟಿಗೆ ಇರಬೇಕು: ಸಾಕಷ್ಟು ತಿರುಗುವ ವೇಗ, ಸರಿಯಾದ ಪ್ರಮಾಣದ ಪೆಟ್ರೋಲ್ ಮತ್ತು ಗಾಳಿ, ಸರಿಯಾದ ಸಮಯಕ್ಕೆ ಕಿಡಿ, ಸಿಲಿಂಡರಿನಲ್ಲಿ ಸಾಕಷ್ಟು ಸಂಪೀಡನ. ಇಂಜೆಕ್ಷನ್ ಪದ್ಧತಿಯಲ್ಲಿ ಇವು ಒಂದನ್ನೊಂದು ಅವಲಂಬಿಸಿವೆ. ಉದಾಹರಣೆಗೆ, ಬ್ಯಾಟರಿ ದುರ್ಬಲವಾದರೆ ಎಂಜಿನ್ ನಿಧಾನವಾಗಿ ತಿರುಗುವುದಷ್ಟೇ ಅಲ್ಲ, ಪೆಟ್ರೋಲ್ ಪಂಪು ಮಂದವಾಗುತ್ತದೆ, ಇಂಜೆಕ್ಟರುಗಳು ತಡವಾಗಿ ತೆರೆಯುತ್ತವೆ, ಕಿಡಿಯೂ ಕ್ಷೀಣಿಸುತ್ತದೆ. ಆದುದರಿಂದ ಪರೀಕ್ಷೆಯನ್ನು ಬ್ಯಾಟರಿಯಿಂದ ಆರಂಭಿಸುವುದು ಉಚಿತ. ಪೂರ್ಣ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸ್ಟಾರ್ಟರ್ ತಿರುಗುತ್ತಿರುವಾಗ ಅದು ಸುಮಾರು 9.6 ವೋಲ್ಟಿಗಿಂತ ಕೆಳಗೆ ಇಳಿದರೆ ಬ್ಯಾಟರಿ, ಅದರ ಟರ್ಮಿನಲ್‌ಗಳು ಮತ್ತು ಅರ್ತಿಂಗ್ ತಂತಿಯನ್ನು ಮೊದಲು ಸರಿಪಡಿಸಬೇಕು.

ತೊಂದರೆಯ ಸಮಯ ಮತ್ತು ಅದರ ಸೂಚನೆ

ತಣ್ಣಗಿರುವಾಗ ಮಾತ್ರ ತೊಂದರೆ: ತಣ್ಣನೆಯ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬೇಕು. ಎಷ್ಟು ಹೆಚ್ಚು ಎಂಬುದನ್ನು ಇ.ಸಿ.ಯು. ಕೂಲೆಂಟ್ ತಾಪಮಾನ ಸಂವೇದಕವನ್ನು ನೋಡಿ ನಿರ್ಧರಿಸುತ್ತದೆ. ಸಂವೇದಕವು ಎಂಜಿನ್ ಬಿಸಿಯಾಗಿದೆ ಎಂದು ತಪ್ಪಾಗಿ ತಿಳಿಸಿದರೆ ಪೆಟ್ರೋಲ್ ಸಾಲದಾಗುತ್ತದೆ. ಬಾಷ್ ಮಾದರಿಯ ಸಂವೇದಕಗಳ ವಿದ್ಯುತ್ ರೋಧವು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2,500 ಓಮ್ ಇದ್ದು, 80 ಡಿಗ್ರಿಯಲ್ಲಿ ಸುಮಾರು 300 ಓಮ್‌ಗೆ ಇಳಿಯುತ್ತದೆ. ಸಾಧಾರಣ ಮಲ್ಟಿಮೀಟರಿನಿಂದಲೇ ಇದನ್ನು ಅಳೆಯಬಹುದು. ಕೆ-ಜೆಟ್ರಾನಿಕ್‌ನಂತಹ ಹಳೆಯ ಪದ್ಧತಿಗಳಲ್ಲಿ ಇದೇ ಕೆಲಸಕ್ಕೆ ಪ್ರತ್ಯೇಕ ಶೀತಚಾಲನಾ ಇಂಜೆಕ್ಟರ್ ಇರುತ್ತದೆ, ಅದನ್ನೂ ಪರೀಕ್ಷಿಸಬೇಕು.

ಬಿಸಿಯಾಗಿರುವಾಗ ಮಾತ್ರ ತೊಂದರೆ: ಕಾರನ್ನು ಓಡಿಸಿ ನಿಲ್ಲಿಸಿ, ಹತ್ತು ನಿಮಿಷದಿಂದ ಅರ್ಧ ಗಂಟೆಯ ಬಳಿಕ ಮತ್ತೆ ಚಾಲೂ ಮಾಡುವಾಗ ಈ ತೊಂದರೆ ಕಾಣುತ್ತದೆ. ಎಂಜಿನ್ ನಿಂತ ಮೇಲೆ ತಂಪು ನೀರಿನ ಹರಿವು ನಿಲ್ಲುವುದರಿಂದ ಬಾನೆಟ್ಟಿನ ಕೆಳಗಿನ ಶಾಖ ಸ್ವಲ್ಪ ಕಾಲ ಏರುತ್ತಲೇ ಹೋಗುತ್ತದೆ. ಕೊಳವೆಯಲ್ಲಿ ಒತ್ತಡ ಉಳಿದಿದ್ದರೆ ಪೆಟ್ರೋಲ್ ಕುದಿಯುವುದಿಲ್ಲ. ಒತ್ತಡ ಸೋರಿಹೋಗಿದ್ದರೆ ಅದು ಆವಿಯಾಗಿ, ಇಂಜೆಕ್ಟರಿಗೆ ದ್ರವದ ಬದಲು ಗುಳ್ಳೆಗಳು ತಲಪುತ್ತವೆ. ತಣ್ಣಗಾದ ಬಳಿಕ ತಾನಾಗಿಯೇ ಸರಿಹೋಗುವ ಇನ್ನೊಂದು ದೋಷ ಕ್ರ್ಯಾಂಕ್ ಸಂವೇದಕದ್ದು. ಇದು ವಿಫಲವಾದಾಗ ಕಿಡಿಯೂ ಇಂಜೆಕ್ಟರಿನ ಮಿಡಿತವೂ ಒಟ್ಟಿಗೆ ನಿಲ್ಲುತ್ತವೆ. ಅನೇಕ ಕಾರುಗಳಲ್ಲಿ ಸ್ಟಾರ್ಟರ್ ತಿರುಗುವಾಗ ಅಲ್ಪವಾಗಿ ಅಲುಗಬೇಕಾದ ಆರ್‌ಪಿಎಂ ಮುಳ್ಳು ಆಗ ಸೊನ್ನೆಯಲ್ಲಿಯೇ ನಿಲ್ಲುತ್ತದೆ.

ದೀರ್ಘಕಾಲ ನಿಂತ ಮೇಲೆ ತೊಂದರೆ: ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ತಡವಾಗಿ ಚಾಲೂ ಆಗಿ, ದಿನವಿಡೀ ಸರಿಯಾಗಿ ವರ್ತಿಸಿದರೆ ಪೆಟ್ರೋಲಿನ ಒತ್ತಡ ನಿಧಾನವಾಗಿ ಸೋರುತ್ತಿದೆ ಎಂದು ಶಂಕಿಸಬೇಕು.

ಮಳೆಯಲ್ಲಿ ತೊಂದರೆ: ಬಿರುಕು ಬಿಟ್ಟ ಸ್ಪಾರ್ಕ್ ಪ್ಲಗ್ ತಂತಿ ಅಥವಾ ಡಿಸ್ಟ್ರಿಬ್ಯೂಟರ್ ಮುಚ್ಚಳದಲ್ಲಿ ತೇವ ಸೇರಿ ಕಿಡಿ ದಾರಿ ತಪ್ಪುತ್ತದೆ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಇದನ್ನು ಮೊದಲು ನೋಡುವುದು ಒಳ್ಳೆಯದು.

ಉಪಕರಣವಿಲ್ಲದ ಪರೀಕ್ಷೆಗಳು

ಕೀಲಿಯ ಪರೀಕ್ಷೆ: ಹೆಚ್ಚಿನ ಎಂ.ಪಿ.ಎಫ್.ಐ. ಕಾರುಗಳಲ್ಲಿ ಕೀಲಿಯನ್ನು ‘ಆನ್’ ಸ್ಥಾನಕ್ಕೆ ತಿರುಗಿಸಿದೊಡನೆ ಪೆಟ್ರೋಲ್ ಪಂಪು ಸುಮಾರು ಎರಡು ಸೆಕೆಂಡು ಓಡಿ ನಿಲ್ಲುತ್ತದೆ. ಹಿಂದಿನ ಸೀಟಿನ ಬಳಿ ಅದರ ಗುಂಯ್‌ಗುಡುವ ಸದ್ದು ಕೇಳಿಸುತ್ತದೆ. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ ಮತ್ತು ಪಂಪನ್ನು ಪರೀಕ್ಷಿಸಬೇಕು. ಸದ್ದು ಇದ್ದರೆ, ಕೀಲಿಯನ್ನು ಮೂರು ಬಾರಿ ಹೀಗೆ ಆನ್-ಆಫ್ ಮಾಡಿ ಆ ಬಳಿಕ ಚಾಲೂ ಮಾಡಬೇಕು. ಆಗ ಎಂಜಿನ್ ಕೂಡಲೇ ಚಾಲೂ ಆದರೆ ದೋಷ ಬಹುತೇಕ ಒತ್ತಡದ ಸೋರಿಕೆಯದು. ಕಿಡಿಯ ಮೇಲಾಗಲಿ ಸಂಪೀಡನದ ಮೇಲಾಗಲಿ ಖರ್ಚು ಮಾಡುವ ಅಗತ್ಯ ಆಗ ಇರುವುದಿಲ್ಲ. ಜೆಟ್ರಾನಿಕ್ ಕಾಲದ ಕೆಲವು ಕಾರುಗಳಲ್ಲಿ ಎಂಜಿನ್ ತಿರುಗಿದಾಗ ಮಾತ್ರ ಪಂಪು ಓಡುವುದರಿಂದ ಈ ಪರೀಕ್ಷೆ ಅವುಗಳಿಗೆ ಅನ್ವಯಿಸದು.

ಪೆಡಲ್ ಪರೀಕ್ಷೆ: ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿದಾಗ ಎಂಜಿನ್ ಚಾಲೂ ಆದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಥ್ರಾಟಲ್ ಬಾಡಿಯಲ್ಲಿ ಅಥವಾ ಐಡಲ್ ಗಾಳಿಯ ಕವಾಟದಲ್ಲಿ ಕರಿ ಕಟ್ಟಿರಬಹುದು, ಶುಚಿಗೊಳಿಸುವುದಷ್ಟೇ ಸಾಕಾಗಬಹುದು. ಪೂರ್ತಿ ಒತ್ತಿದಾಗ ಮಾತ್ರ ಚಾಲೂ ಆಗಿ ಕಪ್ಪು ಹೊಗೆ ಬಂದರೆ ಪೆಟ್ರೋಲ್ ಅತಿಯಾಗಿದೆ. ಅನೇಕ ಇ.ಸಿ.ಯು.ಗಳು ಪೆಡಲ್ ಪೂರ್ತಿ ಒತ್ತಿ ಸ್ಟಾರ್ಟ್ ಮಾಡುವಾಗ ಪೆಟ್ರೋಲನ್ನು ಕಡಿತಗೊಳಿಸುತ್ತವೆ. ಸೋರುವ ಇಂಜೆಕ್ಟರ್, ಅಥವಾ ಬಿಸಿ ಎಂಜಿನ್ನನ್ನು ತಣ್ಣಗಿದೆ ಎಂದು ವರದಿ ಮಾಡುವ ತಾಪಮಾನ ಸಂವೇದಕ ಇದಕ್ಕೆ ಸಾಮಾನ್ಯ ಕಾರಣಗಳು.

ಒತ್ತಡದ ಸೋರಿಕೆಯನ್ನು ಗುರುತಿಸುವುದು

ಹಳೆಯ ಎಂ.ಪಿ.ಎಫ್.ಐ. ಪದ್ಧತಿಗಳಲ್ಲಿ ಪೆಟ್ರೋಲಿನ ಒತ್ತಡ ಸಾಮಾನ್ಯವಾಗಿ 2.5ರಿಂದ 3.5 ಬಾರ್ ಇರುತ್ತದೆ, ನಿಖರವಾದ ಅಂಕಿಯನ್ನು ಆಯಾ ಕಾರಿನ ದುರಸ್ತಿ ಕೈಪಿಡಿಯಿಂದ ತಿಳಿಯಬೇಕು. ಪ್ರೆಶರ್ ಗೇಜ್ ಜೋಡಿಸಿ, ಎಂಜಿನ್ ಆರಿಸಿದ ಮೇಲೆ ಒತ್ತಡ ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ನೋಡಲಾಗುತ್ತದೆ. ಒತ್ತಡವು ಮೂರು ದಾರಿಗಳಿಂದ ಹೊರಹೋಗಬಹುದು: ಪಂಪಿನೊಳಗಿನ ಏಕಮುಖ ಕವಾಟ, ಪ್ರೆಶರ್ ರೆಗ್ಯುಲೇಟರ್, ಇಂಜೆಕ್ಟರುಗಳು.

ಟ್ಯಾಂಕಿಗೆ ಮರಳುವ ಕೊಳವೆ ಇರುವ ಕಾರುಗಳಲ್ಲಿ ಇವನ್ನು ಬೇರ್ಪಡಿಸುವ ಕ್ರಮ ಸರಳ. ಪಂಪು ನಿಂತೊಡನೆ ಮರಳುವ ರಬ್ಬರ್ ಕೊಳವೆಯನ್ನು ಸೂಕ್ತ ಕ್ಲಾಂಪಿನಿಂದ ಹಿಡಿದಾಗ ಒತ್ತಡ ನಿಂತರೆ ದೋಷ ರೆಗ್ಯುಲೇಟರಿನದು. ನಿಲ್ಲದಿದ್ದರೆ ಮತ್ತೆ ಒತ್ತಡ ತುಂಬಿಸಿ, ಬರುವ ಕೊಳವೆಯನ್ನು ಹಿಡಿಯಬೇಕು. ಈಗ ನಿಂತರೆ ದೋಷ ಪಂಪಿನ ಕವಾಟದ್ದು. ಎರಡನ್ನೂ ಹಿಡಿದಾಗಲೂ ಇಳಿದರೆ ಇಂಜೆಕ್ಟರುಗಳು ಸೋರುತ್ತಿವೆ. ಗಡಸಾದ ಹಳೆಯ ಕೊಳವೆಯನ್ನು ಹಿಡಿಯಬಾರದು, ಅದು ಸೀಳಬಹುದು. ರೆಗ್ಯುಲೇಟರಿನ ವ್ಯಾಕ್ಯೂಮ್ ಕೊಳವೆಯನ್ನು ಬಿಚ್ಚಿದಾಗ ಅದರೊಳಗೆ ಪೆಟ್ರೋಲ್ ಕಂಡರೆ ಬೇರೆ ಪರೀಕ್ಷೆಯೇ ಬೇಡ: ಅದರ ಪೊರೆ ಹರಿದಿದೆ.

ಕಿಡಿ, ಸಂಪೀಡನ ಮತ್ತು ದೋಷಸಂಕೇತ

ಸ್ಪಾರ್ಕ್ ಪ್ಲಗ್ಗನ್ನು ಹೊರತೆಗೆದು ನೋಡುವುದರಿಂದ ಬಹಳಷ್ಟು ತಿಳಿಯುತ್ತದೆ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಆದರೆ ಕಿಡಿ ಇಲ್ಲ ಅಥವಾ ಪೆಟ್ರೋಲ್ ಅತಿಯಾಗಿದೆ. ಬಹಳ ಹೊತ್ತು ತಿರುಗಿಸಿದ ಮೇಲೂ ಒಣಗಿದ್ದರೆ ಪೆಟ್ರೋಲ್ ತಲಪುತ್ತಿಲ್ಲ. ಬೇರೆಲ್ಲವೂ ಸರಿಯಿದ್ದಾಗ ಸಂಪೀಡನವನ್ನು ಅಳೆದು, ಸಿಲಿಂಡರುಗಳ ನಡುವೆ ಹೆಚ್ಚಿನ ವ್ಯತ್ಯಾಸವಿದೆಯೇ ಎಂದು ನೋಡಬೇಕು.

ಸ್ಕ್ಯಾನರ್ ತೋರಿಸುವ ದೋಷಸಂಕೇತ ಉಪಯುಕ್ತವಾದರೂ ಅಂತಿಮವಲ್ಲ. ಹಳೆಯ ಇ.ಸಿ.ಯು.ಗಳು ತಂತಿ ತುಂಡಾದುದನ್ನು ಗುರುತಿಸಬಲ್ಲವು. ಆದರೆ ಸಂಭವನೀಯ ಮಿತಿಯೊಳಗೇ ತಪ್ಪು ಹೇಳುವ ಸಂವೇದಕವನ್ನೂ ಪೆಟ್ರೋಲಿನ ಒತ್ತಡವನ್ನೂ ಸಾಮಾನ್ಯವಾಗಿ ಗುರುತಿಸಲಾರವು. ದೋಷಸಂಕೇತ ಇಲ್ಲದಿರುವುದು ದೋಷ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಎಥನಾಲ್ ಮಿಶ್ರಿತ ಪೆಟ್ರೋಲ್

ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಇ-20 ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ನೀಡಲಾಯಿತು. ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ, ಮತ್ತು ಆವಿಯಾಗಲು ಪೆಟ್ರೋಲಿಗಿಂತ ಹೆಚ್ಚು ಶಾಖವನ್ನು ಬೇಡುತ್ತದೆ. ಅದಕ್ಕೆಂದು ತಯಾರಿಸದ ಹಳೆಯ ರಬ್ಬರ್ ಕೊಳವೆ ಮತ್ತು ಸೀಲ್‌ಗಳು ಉಬ್ಬಬಹುದು ಅಥವಾ ಬಿರುಕು ಬಿಡಬಹುದು. ಆದುದರಿಂದ ಹಳೆಯ ಕಾರುಗಳಲ್ಲಿ ಕೊಳವೆಗಳನ್ನು ಆಗಾಗ ಪರೀಕ್ಷಿಸುವುದು ಮತ್ತು ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸದಿರುವುದು ಉತ್ತಮ.

ಸುರಕ್ಷತೆ

ಇಂಜೆಕ್ಷನ್ ಪದ್ಧತಿಯ ಕೊಳವೆಯನ್ನು ಬಿಚ್ಚಿದಾಗ ಪೆಟ್ರೋಲ್ ರಭಸದಿಂದ ಚಿಮ್ಮುತ್ತದೆ. ಮೊದಲು ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಿರುಗಿಸಿ ಒತ್ತಡವನ್ನು ಇಳಿಸಬೇಕು. ಕೆಲಸವನ್ನು ತೆರೆದ ಗಾಳಿಯಲ್ಲಿ, ತಣ್ಣನೆಯ ಎಂಜಿನ್ನಿನ ಮೇಲೆ, ಬೆಂಕಿ ಆರಿಸುವ ಸಾಧನವನ್ನು ಹತ್ತಿರವಿಟ್ಟುಕೊಂಡು ಮಾಡಬೇಕು. ಬೀಡಿ-ಸಿಗರೇಟಿನ ಕಿಡಿ ಸಮೀಪ ಬರಬಾರದು. ಪ್ಲಗ್ ತಂತಿಯನ್ನು ಕೈಯಲ್ಲಿ ಹಿಡಿದು ಕಿಡಿ ನೋಡುವುದು ಅಪಾಯಕರ.

ಸ್ಟಾರ್ಟರನ್ನು ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸಿದರೆ ಅದು ಬಿಸಿಯಾಗಿ ಹಾಳಾಗುತ್ತದೆ. ಉರಿಯದ ಪೆಟ್ರೋಲ್ ಸೈಲೆನ್ಸರ್ ಮಾರ್ಗದ ಕ್ಯಾಟಲಿಟಿಕ್ ಕನ್ವರ್ಟರಿಗೆ ಸೇರಿ ಅದನ್ನು ಕೆಡಿಸುವುದರಿಂದ, ಮತ್ತೆ ಮತ್ತೆ ತಳ್ಳಿ ಚಾಲೂ ಮಾಡುವುದೂ ಸೂಕ್ತವಲ್ಲ. ಪೆಟ್ರೋಲಿನ ವಾಸನೆ ಬರುತ್ತಿದ್ದರೆ ಕೀಲಿಯನ್ನು ಮುಟ್ಟದೆ ಸೋರಿಕೆಯನ್ನು ಹುಡುಕಬೇಕು. ಅಂತಹ ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗದೆ ಎಳೆದೊಯ್ಯುವ ವಾಹನದಲ್ಲಿ ಕಳುಹಿಸಬೇಕು.